ಮುಂದಿನ ಟೈರನ್ನು ಮೊದಲು ನೋಡಿ

ಈ ಮೇಜಿನ ಮೇಲೆ ಎರಡು ಹಳೆಯ ಟೈರುಗಳಿವೆ. ಎರಡೂ ಒಂದೇ ಬೈಕಿನಿಂದ ಬಿಚ್ಚಿದವು. ಎಡಗಡೆಯದು ಹಿಂದಿನ ಚಕ್ರದ್ದು. ನಡುಭಾಗ ಸವೆದು ಚಪ್ಪಟೆಯಾಗಿದೆ, ಗ್ರೂವ್ ಕಾಣುವುದೇ ಕಷ್ಟ. ಬಲಗಡೆಯದು ಮುಂದಿನ ಚಕ್ರದ್ದು. ಇದರ ಗ್ರೂವ್ ಇನ್ನೂ ಆಳವಾಗಿದೆ, ನೋಡಿದರೆ ಇನ್ನಷ್ಟು ಸಾವಿರ ಕಿಲೋಮೀಟರ್ ಓಡೀತು ಅನಿಸುತ್ತದೆ. ಇವತ್ತು ಮನೆಗೆ ಹೋಗುವಾಗ ಮಳೆ ಹಿಡಿದುಕೊಂಡರೆ ಯಾವುದಕ್ಕೆ ಹೆಚ್ಚು ಹೆದರಬೇಕು ಅಂತ ಕೇಳಿದಾಗ ನಿಮ್ಮಲ್ಲಿ ಹೆಚ್ಚಿನವರು ಹಿಂದಿನದಕ್ಕೆ ಕೈ ತೋರಿಸಿದಿರಿ. ಹಿಂದಿನದನ್ನು ಬದಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಹೆಚ್ಚು ಹೆದರುವುದು ಮುಂದಿನದಕ್ಕೆ.

ಕಾರಣ ಟೈರಿನ ಪಕ್ಕೆಯಲ್ಲೇ ಇದೆ. ಒಂದು ಮೊಟ್ಟೆಯಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿವೆ: 3218. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಅಂದರೆ 2018ರ 32ನೇ ವಾರ, ಆಗಸ್ಟ್ ತಿಂಗಳಲ್ಲಿ ತಯಾರಾದದ್ದು. ಇದರ ಮೇಲೆ ಉಗುರಿನಿಂದ ಒತ್ತಿ ನೋಡಿ. ಹೊಸ ಟೈರಿನಲ್ಲಿ ಉಗುರು ಸ್ವಲ್ಪ ಒಳಗೆ ಹೋಗಿ ರಬ್ಬರು ಮತ್ತೆ ಮೇಲೆದ್ದು ಬರುತ್ತದೆ. ಇದರಲ್ಲಿ ಉಗುರು ಜಾರಿಹೋಗುತ್ತದೆ. ಗ್ರೂವಿನ ತಳವನ್ನು ಬೆಳಕಿಗೆ ಹಿಡಿದರೆ ಕೂದಲೆಳೆಯಂಥ ಬಿರುಕುಗಳೂ ಕಾಣುತ್ತವೆ. ಹಿಂದಿನ ಟೈರು ಎಂಜಿನ್ನಿನ ಎಳೆತಕ್ಕೆ ಸಿಕ್ಕಿ ಬೇಗ ಸವೆಯುತ್ತದೆ, ಹಾಗಾಗಿ ನಾವು ಅದನ್ನು ಬದಲಿಸುತ್ತೇವೆ. ಮುಂದಿನದು ನಿಧಾನವಾಗಿ ಸವೆಯುತ್ತದೆ, ಅಷ್ಟರಲ್ಲಿ ಮುದಿಯಾಗುತ್ತದೆ. ಎರಡು ಸಲ ಹಿಂದಿನದನ್ನು ಬದಲಿಸಿದ ಮೇಲೂ ಮುಂದೆ ಶೋರೂಮಿನಿಂದ ಬಂದ ಟೈರೇ ಇರುವ ಬೈಕುಗಳು ನಮ್ಮ ರಸ್ತೆಗಳಲ್ಲಿ ಎಷ್ಟು ಬೇಕಾದರೂ ಇವೆ.

ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬಾಗುತ್ತದೆ, ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಟೈರಿನದೇ. ತಿರುವಿನಲ್ಲಿ ದಿಕ್ಕು ಹಿಡಿಯುವುದೂ ಅದೇ. ಹಿಂದಿನ ಚಕ್ರ ಜಾರಿದರೆ ಬಾಲ ಅಲ್ಲಾಡುತ್ತದೆ, ಥ್ರಾಟಲ್ ಇಳಿಸಿ ಸಂಭಾಳಿಸಿಕೊಳ್ಳಲು ಒಂದು ಕ್ಷಣವಾದರೂ ಸಿಗುತ್ತದೆ. ಮುಂದಿನದು ಜಾರಿದರೆ ಆ ಕ್ಷಣ ಸಿಗುವುದಿಲ್ಲ, ಹ್ಯಾಂಡಲ್ ಮಡಚಿಕೊಂಡು ನೆಲ ಸೇರಿರುತ್ತೀರಿ. ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇದೆಯಲ್ಲ ಅಂತ ಕೆಲವರು ಧೈರ್ಯವಾಗಿರುತ್ತಾರೆ. ಎಬಿಎಸ್ ಇರುವ ಹಿಡಿತವನ್ನು ಚೆನ್ನಾಗಿ ಬಳಸಿಕೊಡುತ್ತದೆ. ಇಲ್ಲದ ಹಿಡಿತವನ್ನು ಅದು ಎಲ್ಲಿಂದ ತರಬೇಕು?

ಆ ಹಿಡಿತ ಎಷ್ಟು ಜಾಗದ ಮೇಲೆ ನಿಂತಿದೆ ಅಂತ ಒಂದು ಸಣ್ಣ ಲೆಕ್ಕ ಮಾಡೋಣ. ಬೈಕು 150 ಕೆಜಿ, ಸವಾರ 70 ಕೆಜಿ, ಒಟ್ಟು 220. ಹಿಂದಿನ ಚಕ್ರದ ಮೇಲೆ ಸುಮಾರು 120 ಕೆಜಿ ಬೀಳುತ್ತದೆ ಅಂದುಕೊಳ್ಳಿ. ಗಾಳಿ 28 ಪಿಎಸ್‌ಐ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2 ಕೆಜಿ. 120ನ್ನು 2ರಿಂದ ಭಾಗಿಸಿದರೆ 60 ಚದರ ಸೆಂಟಿಮೀಟರ್. ನಿಮ್ಮ ಅಂಗೈಯನ್ನು, ಬೆರಳು ಬಿಟ್ಟು, ಮೇಜಿನ ಮೇಲೆ ಊರಿ. ಸುಮಾರಾಗಿ ಅಷ್ಟೇ ಜಾಗ. ಟೈರಿನ ಪಕ್ಕೆಯ ಬಿಗಿತದಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ ಅಳತೆಯ ಅಂದಾಜು ಸಿಕ್ಕಿತಲ್ಲ. ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲಿಲ್ಲ ಅನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ರಬ್ಬರಿನ ವಿಷಯ. ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆ ಹೋದವರು ರಸ್ತೆಯ ಎರಡೂ ಬದಿ ರಬ್ಬರ್ ತೋಟಗಳನ್ನು ನೋಡಿರುತ್ತೀರಿ. ತೊಗಟೆ ಕೆತ್ತಿ, ಚಿಪ್ಪು ಕಟ್ಟಿ ಹಾಲು ಇಳಿಸುವ ಆ ಮರದ ರಬ್ಬರಿಗೆ ಹರಿಯದೆ ತಡೆದುಕೊಳ್ಳುವ ಶಕ್ತಿ ಇದೆ, ಓಡುವಾಗ ಅದು ಹೆಚ್ಚು ಬಿಸಿಯಾಗುವುದಿಲ್ಲ. ಅದೊಂದರಿಂದಲೇ ಬೈಕ್ ಟೈರು ಆಗುವುದಿಲ್ಲ. ಕಾರ್ಖಾನೆಯಲ್ಲಿ ಅದರ ಜೊತೆ ಸಿಂಥೆಟಿಕ್ ರಬ್ಬರುಗಳನ್ನು ಬೆರೆಸುತ್ತಾರೆ. ಸ್ಟೈರೀನ್ ಇರುವ ಜಾತಿ ಒದ್ದೆ ನೆಲದ ಹಿಡಿತ ಕೊಡುತ್ತದೆ, ಬ್ಯೂಟಡೈಯೀನ್ ಜಾತಿ ಸವೆತ ತಡೆಯುತ್ತದೆ. ಒಂದನ್ನು ಹೆಚ್ಚಿಸಿದರೆ ಇನ್ನೊಂದಕ್ಕೆ ಜಾಗ ಕಡಿಮೆ. ಒದ್ದೆ ಹಿಡಿತ, ಬಾಳಿಕೆ, ಸಲೀಸಾದ ಉರುಳುವಿಕೆ ಈ ಮೂರನ್ನೂ ಒಟ್ಟಿಗೆ ಪೂರ್ತಿ ಕೊಡುವ ಟೈರು ಇಲ್ಲದಿರುವುದಕ್ಕೆ ಮೂಲ ಇಲ್ಲೇ ಇದೆ.

ಕಪ್ಪು ಬಣ್ಣ ಬರುವುದು ಕಾರ್ಬನ್ ಪುಡಿಯಿಂದ. ಅದರ ಒಂದು ಪಾಲಿನ ಬದಲು ಸಿಲಿಕಾ ಹಾಕಿದರೆ ಮಳೆಯಲ್ಲಿ ಹಿಡಿತ ಹೆಚ್ಚುತ್ತದೆ. ಹೇಗೆ ಅಂದರೆ, ರಸ್ತೆ ನಮ್ಮ ಕಣ್ಣಿಗೆ ನುಣುಪಾಗಿ ಕಂಡರೂ ಹತ್ತಿರದಿಂದ ನೋಡಿದರೆ ಜಲ್ಲಿಯ ಸಣ್ಣ ಸಣ್ಣ ಮೊನೆಗಳ ಹಾಸು. ಟೈರು ಜಾರತೊಡಗಿದಾಗ ರಬ್ಬರು ಆ ಮೊನೆಗಳ ಮೇಲೆ ಸೆಕೆಂಡಿಗೆ ಸಾವಿರಾರು ಸಲ ತಗ್ಗಿ ಏಳುತ್ತದೆ. ತಗ್ಗಿದ್ದು ತಡವಾಗಿ ಎದ್ದರೆ ಅಷ್ಟು ಶಕ್ತಿ ಅಲ್ಲೇ ಖರ್ಚಾಗಿ ಜಾರುವಿಕೆಗೆ ತಡೆ ಬೀಳುತ್ತದೆ. ಸಿಲಿಕಾ ಬೆರೆತ ರಬ್ಬರು ಈ ವೇಗದ ಕುಲುಕಾಟದಲ್ಲಿ ತಡವಾಗಿ ಏಳುತ್ತದೆ, ಆದರೆ ಚಕ್ರ ಸುಮ್ಮನೆ ಉರುಳುವಾಗಿನ ನಿಧಾನದ ಮಡಚುವಿಕೆಯಲ್ಲಿ ಶಕ್ತಿಯನ್ನು ಹೆಚ್ಚು ತಿನ್ನುವುದಿಲ್ಲ. ಮಳೆಗೂ ಪೆಟ್ರೋಲಿಗೂ ಒಟ್ಟಿಗೆ ಒಳ್ಳೆಯದಾದ ಅಪರೂಪದ ಉಪಾಯ ಇದು. ಗಟ್ಟಿ ರಬ್ಬರಿನ ಟೈರು ಬಿಸಿಯಾದ ಮೇಲೆ ಮಾತ್ರ ಹಿಡಿಯುತ್ತದೆ. ಜುಲೈ ತಿಂಗಳಲ್ಲಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಮೇಲಿಂದ ಮಳೆ, ಕೆಳಗೆ ಹರಿಯುವ ನೀರು, ಅದು ಬಿಸಿಯಾಗುವುದೇ ಇಲ್ಲ.

ಹಿಡಿತದಲ್ಲಿ ಕೊಂಚ ವ್ಯತ್ಯಾಸವಾದರೆ ಏನಾಗುತ್ತದೆ ಅಂತ ಕೇಳಬಹುದು. ಗಂಟೆಗೆ 60 ಕಿಮೀ ವೇಗದಲ್ಲಿ ಹೋಗುತ್ತಿದ್ದೀರಿ. ಘರ್ಷಣೆಯ ಗುಣಾಂಕ, ಅಂದರೆ ಟೈರಿಗೂ ರಸ್ತೆಗೂ ನಡುವಿನ ಹಿಡಿತದ ಅಳತೆ, 0.8 ಇದ್ದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಸುಮಾರು 18 ಮೀಟರ್ ಬೇಕು. ಅದು 0.5ಕ್ಕೆ ಇಳಿದರೆ 28 ಮೀಟರ್. ನಡುವಿನ 10 ಮೀಟರ್ ಅಂದರೆ ಹತ್ತಿರ ಹತ್ತಿರ ಒಂದು ಬಸ್ಸಿನ ಉದ್ದ. ಮುಂದೆ ಹೋಗುತ್ತಿದ್ದ ಬಸ್ಸು ಗಕ್ಕನೆ ನಿಂತಾಗ ಈ ಲೆಕ್ಕ ಪುಸ್ತಕದ ಲೆಕ್ಕವಾಗಿ ಉಳಿಯುವುದಿಲ್ಲ.

ಗ್ರೂವುಗಳ ಕೆಲಸ ನೀರನ್ನು ಪಕ್ಕಕ್ಕೆ ತಳ್ಳುವುದು. ಹಿಡಿಯುವುದು ರಬ್ಬರು, ಗ್ರೂವ್ ಅಲ್ಲ. ಅದಕ್ಕೇ ಬಟನ್ ಟೈರಿನ, ಅಂದರೆ ಮೈಮೇಲೆ ರಬ್ಬರಿನ ಗುಬುಟುಗಳಿರುವ ಟೈರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ದೊಡ್ಡ ದೊಡ್ಡ ಬಟನ್ ಇದ್ದರೆ ಮಳೆಯಲ್ಲಿ ಗ್ರಿಪ್ ಹೆಚ್ಚು ಅಂತ ನಂಬಿ ಮಲೆನಾಡಿನಲ್ಲಿ ಎಷ್ಟೋ ಜನ ಹಾಕಿಸಿಕೊಳ್ಳುತ್ತಾರೆ. ಕೆಸರಿನಲ್ಲಿ, ಕಾಫಿ ತೋಟದ ಮಣ್ಣಿನ ದಾರಿಯಲ್ಲಿ ಅದು ನಿಜ. ಬಟನ್ ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಒದ್ದೆ ಟಾರಿನ ಮೇಲೆ ಕಚ್ಚಲು ಏನೂ ಇಲ್ಲ, ನೆಲಕ್ಕೆ ತಾಗುವ ರಬ್ಬರು ಕಡಿಮೆ, ಬಾಗಿದಾಗ ಎತ್ತರದ ಬಟನ್‌ಗಳು ಮಡಚಿಕೊಂಡು ಬೈಕು ತೇಲಾಡಿದಂತಾಗುತ್ತದೆ. ದಿನಕ್ಕೆ 2 ಕಿಮೀ ತೋಟದ ದಾರಿ, 40 ಕಿಮೀ ಟಾರು ಇರುವವರು ಟಾರಿನ ಟೈರನ್ನೇ ಹಾಕಿಸಿಕೊಳ್ಳಿ, ತೋಟದ ದಾರಿಯಲ್ಲಿ ನಿಧಾನವಾಗಿ ಹೋಗಿ.

ಗ್ರೂವಿನ ಆಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುತ್ತವೆ. ಅವು ಸವೆತದ ಸೂಚಕ, ಪಕ್ಕೆಯ ಮೇಲೆ ಟಿಡಬ್ಲ್ಯುಐ ಎಂಬ ಅಕ್ಷರವೋ ತ್ರಿಕೋನವೋ ಇರುವ ಕಡೆ ನೇರ ಮೇಲೆ ಹುಡುಕಿದರೆ ಸಿಗುತ್ತವೆ. ಬೈಕ್ ಟೈರುಗಳಲ್ಲಿ ಸಾಮಾನ್ಯವಾಗಿ ಇವುಗಳ ಎತ್ತರ 0.8 ಮಿಮೀ. ರಬ್ಬರು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರಿನ ಆಯುಷ್ಯ ಮುಗಿಯಿತು. ಆದರೆ ಮಳೆಗಾಲದ ಲೆಕ್ಕವೇ ಬೇರೆ. 0.8 ಮಿಮೀ ಆಳದ ಕಾಲುವೆಯಲ್ಲಿ ಎಷ್ಟು ನೀರು ಹರಿದೀತು? ಮೇ ಕೊನೆಯಲ್ಲಿ ಆಳ 2 ಮಿಮೀಗಿಂತ ಕಡಿಮೆ ಇದ್ದರೆ ಮಳೆಗಾಲ ಮುಗಿಯಲಿ ಅಂತ ಕಾಯಬೇಡಿ, ಮೊದಲೇ ಬದಲಿಸಿ. ಎಲ್ಲರೂ ಮಾಡುವುದು ತಿರುಗುಮುರುಗು: ಮಳೆ ಕಳೆಯಲಿ, ಹೊಸ ಟೈರು ಯಾಕೆ ಕೆಸರಿಗೆ ಹಾಕುವುದು ಅನ್ನುತ್ತಾರೆ.

ಇನ್ನು ಹ್ಯಾಂಡ್ಲಿಂಗ್. ಬೈಕು ಹ್ಯಾಂಡಲ್ ತಿರುಗಿಸಿ ತಿರುಗುವುದಕ್ಕಿಂತ ಬಾಗಿ ತಿರುಗುತ್ತದೆ, ಹಾಗಾಗಿ ಟೈರಿನ ಅಡ್ಡ ಆಕಾರವೇ ಹ್ಯಾಂಡ್ಲಿಂಗಿನ ಅರ್ಧ ಭಾಗ. ಮೊನಚಾದ ಆಕಾರ ಬೇಗ ಬಾಗುತ್ತದೆ, ದುಂಡಗಿನದು ನಿಧಾನವಾಗಿ, ನೆಮ್ಮದಿಯಿಂದ ಬಾಗುತ್ತದೆ. ಈಗ ಎಡಗಡೆಯ ಈ ಚಪ್ಪಟೆ ಟೈರನ್ನು ನೋಡಿ. ಬೆಂಗಳೂರಿನಿಂದ ಹುಬ್ಬಳ್ಳಿಯವರೆಗೆ ನೆಟ್ಟಗೆ ಓಡಿಸಿದರೆ, ನಗರದಲ್ಲಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಿದರೆ ನಡುಭಾಗ ಮಾತ್ರ ಸವೆದು ಹೀಗಾಗುತ್ತದೆ. ನಡುವೆ ಬಯಲು, ಎರಡೂ ಬದಿಗೆ ಒಂದೊಂದು ಅಂಚು. ಇಂಥ ಟೈರಿನಲ್ಲಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿದರೆ ಬೈಕು ಮೊದಲು ಬಾಗಲು ಒಪ್ಪುವುದಿಲ್ಲ. ನೀವು ಇನ್ನಷ್ಟು ಒತ್ತುತ್ತೀರಿ. ಅಂಚು ದಾಟಿದ ಕೂಡಲೇ ದಡಕ್ಕನೆ ಬೀಳುವಂತೆ ಬಾಗುತ್ತದೆ. ಸವಾರ ತನ್ನ ಕೈಯದೇ ತಪ್ಪು ಅಂದುಕೊಳ್ಳುತ್ತಾನೆ. ಗ್ರೂವ್ ಇನ್ನೂ ಉಳಿದಿದ್ದರೂ ಆಕಾರ ಕೆಟ್ಟ ಟೈರು ಘಾಟಿಗೆ ಆಗುವುದಿಲ್ಲ.

ಅಗಲದ ವಿಷಯಕ್ಕೆ ಈಗ ಬರೋಣ. 100/90-17 ಅಳತೆಯ ಟೈರು (ಮೊದಲ ಅಂಕಿ ಮಿಮೀಯಲ್ಲಿ ಅಗಲ, ಉಳಿದದ್ದು ಮುಂದೆ ಹೇಳುತ್ತೇನೆ) ಬರುವ ಬೈಕಿಗೆ 120/80-17 ಹಾಕಿಸಿದರೆ ಲುಕ್ ಬರುತ್ತದೆ, ಗ್ರಿಪ್ಪೂ ಬರುತ್ತದೆ ಅಂತ ಅಂಗಡಿಯಲ್ಲೇ ಹೇಳುತ್ತಾರೆ. ಅಂಗೈ ಲೆಕ್ಕ ನೆನಪಿದೆಯಲ್ಲ? ಭಾರ ಅದೇ, ಗಾಳಿ ಅದೇ, ಹಾಗಿದ್ದ ಮೇಲೆ ನೆಲಕ್ಕೆ ತಾಗುವ ಜಾಗವೂ ಹೆಚ್ಚುಕಡಿಮೆ ಅದೇ. ಬದಲಾಗುವುದು ಆ ಜಾಗದ ಆಕಾರ. ಅದಕ್ಕಿಂತ ದೊಡ್ಡ ತೊಂದರೆ ರಿಮ್ಮಿನದು. 100/90ಕ್ಕೆ ಒಪ್ಪುವುದು 2.50 ಇಂಚಿನ ರಿಮ್ಮು. ನಿಮ್ಮ ಚಕ್ರದ ಮೇಲೆ ಅಚ್ಚೊತ್ತಿರುತ್ತದೆ, ಓದಿಕೊಳ್ಳಿ. ಇನ್ನೂ ಅಗಲವಾದ 140/70-17 ಟೈರಿಗೆ ಬೇಕಾದದ್ದು 4.00 ಇಂಚು. ಅಗಲದ ಟೈರನ್ನು ಕಿರಿದಾದ ರಿಮ್ಮಿಗೆ ತುರುಕಿದರೆ ಬುಡ ಒಳಕ್ಕೆ ಒತ್ತಿಕೊಂಡು ನೆತ್ತಿ ಮೊನಚಾಗುತ್ತದೆ. ಬದಿಯ ರಬ್ಬರು ನೆಲವನ್ನೇ ಕಾಣುವುದಿಲ್ಲ. ದುಡ್ಡು ಕೊಟ್ಟು ತಂದ ಅಗಲ ಗಾಳಿಯಲ್ಲಿ ತೇಲುತ್ತಿರುತ್ತದೆ. ಮೇಲಾಗಿ ಎತ್ತರ: 100/90-17ರ ವ್ಯಾಸ ಸುಮಾರು 612 ಮಿಮೀ, 120/80-17ರದು 624. ಚೈನ್ ಕವರಿಗೋ ಮಡ್‌ಗಾರ್ಡಿಗೋ ತಾಗಬಹುದು, ಬೈಕಿನ ಹಿಂಭಾಗ ಏರುತ್ತದೆ, ಪಿಕಪ್ ಇಳಿಯುತ್ತದೆ. ಒಂದು ಅಳತೆ ಮೇಲೆ ಹೋಗಲೇಬೇಕು ಅನ್ನುವವರು 110/80-17 ನೋಡಿ, ಅದರ ವ್ಯಾಸ 608, ಮೂಲಕ್ಕೆ ಬಹಳ ಹತ್ತಿರ. ಅದಕ್ಕೂ ರಿಮ್ಮಿನ ಅಗಲ ಒಪ್ಪುತ್ತದೆಯೇ ಅಂತ ಟೈರ್ ಕಂಪನಿಯ ಪಟ್ಟಿಯಲ್ಲಿ ಮೊದಲು ನೋಡಿ.

ಪಕ್ಕೆಯ ಬರಹ ಓದುವುದನ್ನು ಇಲ್ಲೇ ಮುಗಿಸಿಬಿಡುತ್ತೇನೆ. 100/90-17 55ಪಿ ಅಂತಿದ್ದರೆ 100 ಮಿಮೀ ಅಗಲ, ಅಗಲದ ಶೇ. 90ರಷ್ಟು ಎತ್ತರ, 17 ಇಂಚಿನ ರಿಮ್ಮು. 55 ಅಂದರೆ 218 ಕೆಜಿ ಹೊರುವ ಶಕ್ತಿ, ಪಿ ಅಂದರೆ ಗಂಟೆಗೆ 150 ಕಿಮೀವರೆಗಿನ ವೇಗ. ಭಾರದ ಅಂಕಿಯನ್ನು ಯಾರೂ ನೋಡುವುದಿಲ್ಲ, ಅಲ್ಲೇ ಎಡವಟ್ಟಾಗುವುದು. 80/100-18 ಟೈರು 47ರ ಭಾರದಲ್ಲೂ ಸಿಗುತ್ತದೆ, 54ರಲ್ಲೂ ಸಿಗುತ್ತದೆ. 47 ಅಂದರೆ 175 ಕೆಜಿ, 54 ಅಂದರೆ 212. ಮುಂದಿನ ಚಕ್ರಕ್ಕೆ ಮಾಡಿದ 47ರ ಟೈರನ್ನು ಹಿಂದೆ ಹಾಕಿ, ಇಬ್ಬರು ಕೂತು, ಜೊತೆಗೆ ಒಂದು ಅಕ್ಕಿ ಚೀಲ ಇಟ್ಟುಕೊಂಡರೆ ಟೈರಿನ ಪಕ್ಕೆ ತಡೆದುಕೊಳ್ಳುವುದಿಲ್ಲ. ಅಂಕಿಗಳ ನಡುವೆ ಗೆರೆಯ ಬದಲು ಆರ್ ಅಕ್ಷರ ಇದ್ದರೆ ಅದು ರೇಡಿಯಲ್, ಅಂದರೆ ಒಳಗಿನ ದಾರದ ಎಳೆಗಳು ನೇರ ಅಡ್ಡಕ್ಕೆ ಹಾದದ್ದು. ಗೆರೆ ಮಾತ್ರ ಇದ್ದರೆ ಸಾಮಾನ್ಯವಾಗಿ ನೈಲಾನ್ ಬಯಾಸ್, ಅಂದರೆ ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾದದ್ದು. ಮುಂದೆ ರೇಡಿಯಲ್ ಹಾಕಿ ಹಿಂದೆ ಬಯಾಸ್ ಹಾಕಬೇಡಿ, ಎರಡರ ಸ್ವಭಾವ ಹೊಂದುವುದಿಲ್ಲ. ಟಿಎಲ್ ಟ್ಯೂಬ್‌ಲೆಸ್, ಟಿಟಿ ಟ್ಯೂಬಿನದು. ಐಎಸ್‌ಐ ಗುರುತು ಇರಲೇಬೇಕು, ಇಲ್ಲದಿದ್ದರೆ ಮುಟ್ಟಬೇಡಿ.

ಯಾವ ಕಂಪನಿ ಒಳ್ಳೆಯದು ಅಂತ ಚೀಟಿ ಬಂದಿದೆ. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಅಪೊಲೊ, ಮಿಶಲಿನ್ ಇವರೆಲ್ಲ ಒಂದಕ್ಕಿಂತ ಹೆಚ್ಚು ಮಾದರಿಗಳನ್ನು ಮಾಡುತ್ತಾರೆ. ಒಂದೇ ಹೆಸರಿನಡಿ ಬಾಳಿಕೆಗೆ ಮಾಡಿದ್ದೂ ಇರುತ್ತದೆ, ಹಿಡಿತಕ್ಕೆ ಮಾಡಿದ್ದೂ ಇರುತ್ತದೆ. ಹೆಸರು ಕೇಳಿ ತಂದರೆ ಯಾವುದು ಬಂತು ಅಂತ ಗೊತ್ತಾಗುವುದಿಲ್ಲ. ಯುರೋಪಿನಲ್ಲಿ ಕಾರಿನ ಟೈರಿಗೆ ಒದ್ದೆ ಹಿಡಿತದ ದರ್ಜೆ ಬರೆದ ಲೇಬಲ್ ಅಂಟಿಸುತ್ತಾರೆ, ಬೈಕ್ ಟೈರಿಗೆ ಅಲ್ಲೂ ಅದಿಲ್ಲ. ಹಾಗಾಗಿ ಅಂಗಡಿಯಲ್ಲಿ ನೀವೇ ಕೇಳಬೇಕು: ಈ ಮಾದರಿ ಬಾಳಿಕೆಯದೋ ಹಿಡಿತದ್ದೋ, ಸಿಲಿಕಾ ಇದೆಯೋ, ನಡುವೆ ಗಟ್ಟಿ ಬದಿಗೆ ಮೆದು ಇರುವ ಡ್ಯುಯಲ್ ಕಾಂಪೌಂಡೋ, ತಯಾರಾದ ವಾರ ಯಾವುದು. ನೇರ ಹೆದ್ದಾರಿಯೂ ಘಾಟಿಯೂ ಎರಡೂ ಇರುವವರಿಗೆ ಹಿಂದಿನ ಚಕ್ರದಲ್ಲಿ ಡ್ಯುಯಲ್ ಕಾಂಪೌಂಡ್ ನಿಜಕ್ಕೂ ಉಪಯೋಗದ ವಸ್ತು.

ಮೈಲೇಜ್ ಅನ್ನುವ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ಟೈರು ಎಷ್ಟು ಕಿಲೋಮೀಟರ್ ಬಾಳಿತು ಅನ್ನುವುದು ಒಂದು, ಲೀಟರಿಗೆ ಎಷ್ಟು ಕೊಟ್ಟಿತು ಅನ್ನುವುದು ಇನ್ನೊಂದು. ಅಂಗಡಿಯವರು ಒಂದನ್ನು ಹೇಳುತ್ತಿರುತ್ತಾರೆ, ಗಿರಾಕಿ ಇನ್ನೊಂದನ್ನು ಕೇಳಿಸಿಕೊಳ್ಳುತ್ತಾನೆ. ಬಿಡಿಸಿ ಕೇಳಿ. ಎರಡನ್ನೂ ಟೈರಿನ ಮಾದರಿಯಷ್ಟೇ ಹಾಳುಮಾಡುವುದು ಕಡಿಮೆ ಗಾಳಿ. ಗಾಳಿ ಇಳಿದರೆ ಟೈರು ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಬಿಸಿಯಾಗುತ್ತದೆ, ಬದಿಗಳು ಸವೆಯುತ್ತವೆ, ಪೆಟ್ರೋಲು ಹೆಚ್ಚು ಕುಡಿಯುತ್ತದೆ, ತಿರುವಿನಲ್ಲಿ ಓಲಾಡುತ್ತದೆ. ಗಾಳಿ ಹೆಚ್ಚಾದರೆ ನಡುಭಾಗ ಸವೆಯುತ್ತದೆ, ತಾಗುವ ಜಾಗ ಕಿರಿದಾಗಿ ಒದ್ದೆಯಲ್ಲಿ ಹಿಡಿತ ಇಳಿಯುತ್ತದೆ. ಸರಿಯಾದ ಅಂಕಿ ಚೈನ್ ಕವರಿನ ಮೇಲೋ ಹಿಂದಿನ ಚಕ್ರ ಹಿಡಿದಿರುವ ಸ್ವಿಂಗ್‌ಆರ್ಮ್ ಮೇಲೋ ಅಂಟಿಸಿದ ಸ್ಟಿಕ್ಕರಿನಲ್ಲಿ ಇದೆ, ಒಬ್ಬರಿಗೆ ಒಂದು, ಇಬ್ಬರಿಗೆ ಒಂದು. ಟೈರಿನ ಪಕ್ಕೆಯ ಮೇಲಿರುವುದು ಗರಿಷ್ಠ ಒತ್ತಡ, ಅಷ್ಟು ಹಾಕಿಸಬೇಡಿ. ನೋಡಬೇಕಾದದ್ದು ಬೆಳಿಗ್ಗೆ, ಟೈರು ತಣ್ಣಗಿರುವಾಗ. ತಣ್ಣಗೆ 28 ಇದ್ದದ್ದು ಓಡಿದ ಮೇಲೆ 31 ತೋರಿಸುವುದು ಸಹಜ. ಹೆಚ್ಚಾಯಿತು ಅಂತ ಬಿಟ್ಟರೆ ಮರುದಿನ 25ಕ್ಕೆ ಬಂದಿರುತ್ತದೆ. ಬಂಕಿನ ಮೀಟರುಗಳು ಒಂದೊಂದು ಒಂದೊಂದು ಹೇಳುತ್ತವೆ, ಸ್ವಂತಕ್ಕೆ ಒಂದು ಗೇಜ್ ಇಟ್ಟುಕೊಳ್ಳಿ. ಮಾಮೂಲಿ ಗಾಳಿಯ ಬದಲು ನೈಟ್ರೋಜನ್ ತುಂಬಿಸಿದರೆ ಒಳ್ಳೆಯದೇ ಅಂತ ಕೇಳಿದಿರಿ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ. 78 ಇದೆ. ಹತ್ತು ದಿನಕ್ಕೊಮ್ಮೆ ಮಾಮೂಲಿ ಗಾಳಿ ನೋಡಿಸುವುದು ಅದಕ್ಕಿಂತ ಮೇಲು.

ಹಾಗಾದರೆ ಏನು ಕೊಳ್ಳಬೇಕು? ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುವವರಿಗೆ ದಿನವಿಡೀ ಓಟ, ಟೈರಿನ ಖರ್ಚು ಹೊಟ್ಟೆಪಾಡಿನ ಲೆಕ್ಕ. ಹಿಂದಿನದಕ್ಕೆ ಬಾಳಿಕೆಯ ಮಾದರಿ ಹಾಕಿಸಿಕೊಳ್ಳಿ, ತಪ್ಪಿಲ್ಲ. ಆದರೆ ಮುಂದಿನದಕ್ಕೆ ಹಿಡಿತದ ಮಾದರಿಯೇ ಇರಲಿ. ಅದು ನಿಧಾನವಾಗಿ ಸವೆಯುವುದರಿಂದ ಮೆದು ರಬ್ಬರಿದ್ದರೂ ಸಾಕಷ್ಟು ಬಾಳುತ್ತದೆ, ಉಳಿತಾಯ ಅಂತ ಇಲ್ಲಿ ಕೈಬಿಗಿ ಮಾಡಿದರೆ ಉಳಿಯುವುದು ಕಡಿಮೆ. ಮಂಗಳೂರು, ಉಡುಪಿ, ಕೊಡಗು, ತೀರ್ಥಹಳ್ಳಿ ಕಡೆಯವರು ಎರಡಕ್ಕೂ ಒದ್ದೆ ಹಿಡಿತದ್ದನ್ನೇ ನೋಡಿ. ನಿಮ್ಮ ಮಳೆಗಾಲ ನಾಲ್ಕು ತಿಂಗಳದ್ದು, ರಸ್ತೆಯ ಮೇಲೆ ಪಾಚಿ, ಅಡಿಕೆ ಹಾಳೆ, ಗದ್ದೆಯಿಂದ ಬಂದ ಕೆಮ್ಮಣ್ಣು. ಹೆದ್ದಾರಿಯಲ್ಲೇ ಹೆಚ್ಚು ಓಡುವವರಿಗೆ, ಬೈಕಿಗೆ ಕಂಪನಿಯೇ ಒಪ್ಪಿದ್ದರೆ, ರೇಡಿಯಲ್ ಒಳ್ಳೆಯದು, ಬಿಸಿ ಕಡಿಮೆ. ಶಿರಾಡಿಯಂಥ ಕಾಂಕ್ರೀಟ್ ಘಾಟಿಯಲ್ಲಿ ನಿತ್ಯ ಓಡಾಡುವವರು ಟಾರಿಗಿಂತ ಬೇಗ ಸವೆಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ.

ಹಾಕಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಪಕ್ಕೆಯ ಮೇಲಿನ ಬಾಣ ಚಕ್ರ ತಿರುಗುವ ದಿಕ್ಕಿಗೇ ಇರಬೇಕು, ತಿರುಗುಮುರುಗಾದರೆ ಗ್ರೂವ್ ನೀರನ್ನು ಹೊರಗೆ ತಳ್ಳುವ ಬದಲು ಒಳಗೆ ಎಳೆಯುತ್ತದೆ. ಹಳದಿ ಚುಕ್ಕೆ ಟೈರಿನ ಹಗುರವಾದ ಜಾಗ, ಅದು ವಾಲ್ವಿನ ನೇರಕ್ಕೆ ಬರಬೇಕು. ಟ್ಯೂಬಿನ ಬೈಕಾದರೆ ಟ್ಯೂಬನ್ನೂ ಹೊಸದೇ ಹಾಕಿಸಿ, ಹಳೆಯದು ಹಿಗ್ಗಿರುತ್ತದೆ, ಒಳಗೆ ಮಡಿಕೆ ಬಿದ್ದು ಅಲ್ಲೇ ಉಜ್ಜಿ ತೂತಾಗುತ್ತದೆ. ಟ್ಯೂಬ್‌ಲೆಸ್ ಆದರೆ ವಾಲ್ವ್ ಬದಲಿಸಿ. ಗಾಳಿ ತುಂಬಿದ ಮೇಲೆ ರಿಮ್ಮಿನ ಪಕ್ಕದ ತೆಳು ಗೆರೆ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಒಂದು ಕಡೆ ಒಳಗೆ ಹೋಗಿದ್ದರೆ ಟೈರು ಕೂತಿಲ್ಲ, ಗಾಳಿ ತೆಗೆದು ಸೋಪಿನ ನೀರು ಸವರಿ ಮತ್ತೆ ಕೂರಿಸಬೇಕು. ಹಾಗೇ ಬಿಟ್ಟರೆ 60 ದಾಟಿದ ಕೂಡಲೇ ಹ್ಯಾಂಡಲ್ ನಡುಗುತ್ತದೆ.

ಹೊಸ ಟೈರಿನ ಮೈ ನುಣುಪಾಗಿ ಹೊಳೆಯುತ್ತಿರುತ್ತದೆ. ಆ ನುಣುಪು ಹೋಗಲು ನೂರರಿಂದ ನೂರೈವತ್ತು ಕಿಲೋಮೀಟರ್ ಬೇಕು, ಅದೂ ನೇರ ರಸ್ತೆಯಲ್ಲಿ ಹೋದರೆ ನಡುಭಾಗದ್ದು ಮಾತ್ರ ಹೋಗುತ್ತದೆ, ಬದಿಯದು ಹಾಗೇ ಉಳಿದಿರುತ್ತದೆ. ಆದ್ದರಿಂದ ಘಾಟಿಗೆ ಹೊರಡುವ ಹಿಂದಿನ ದಿನ ಟೈರು ಹಾಕಿಸಬೇಡಿ. ಮೊದಲ ಮಳೆಗೆ ಒಂದು ವಾರ ಮುಂಚೆ, ರಸ್ತೆ ಒಣಗಿರುವಾಗಲೇ ಹಾಕಿಸಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚು ಬಾಗಿಸುತ್ತ ಓಡಿಸಿ. ಬದಿಯ ಹೊಳಪು ಮಾಸಿ, ಕೈಯಾಡಿಸಿದರೆ ಸಣ್ಣಗೆ ತರಿತರಿ ಅನ್ನಿಸತೊಡಗಿದಾಗ ಟೈರು ಮಳೆಗೆ ಸಿದ್ಧವಾಗಿದೆ ಅಂತ ತಿಳಿಯಿರಿ.